ನಾರಾಯಣಪುರದಾಕಿ

ಹೋದ ತಿಂಗಳು ಯಾದಗಿರಿ ಸ್ಟೇಷನ್ನಿನಲ್ಲಿ ಗಾಡಿ ಎರಡು ತಾಸು ತಡ ಅಂತ ಗೊತ್ತಾಗಿ ಕೂರಲು ಜಾಗ ಹುಡುಕುತ್ತಿದ್ದೆ. ನಮ್ಮ ಹಳೆಯ ಕಚೇರಿಯ ಜವಾನ ಸಿಕ್ಕ. ಅವನೂ ನನ್ನಂತೆಯೇ ನಿವೃತ್ತ, ಅವನ ಕೈಯಲ್ಲೂ ಔಷಧದ ಚೀಲ. ಸಕ್ಕರೆ ಕಾಯಿಲೆ, ಮಂಡಿ ನೋವು ಇವುಗಳ ಮಾತೆಲ್ಲ ಮುಗಿಸಿಕೊಂಡು ಎದ್ದು ಹೋಗುವ ಹೊತ್ತಿಗೆ ಅವನು ಹೇಳಿದ: "ಮುರಿಬಾಯಿ ಹೋದಳಲ್ರಿ ಸಾಹೇಬ್ರ, ಕಡೇಚೂರಿನಾಗ. ನಿಮಗ ಯಾರೂ ಹೇಳಲಿಲ್ಲೇನು?"

ಯಾರೂ ಹೇಳಿರಲಿಲ್ಲ. ನನಗೆ ಹೇಳಿ ಕಳಿಸಬೇಕು ಅನ್ನುವಂಥ ಸಂಬಂಧವನ್ನು ನಾನು ಉಳಿಸಿಕೊಂಡಿರಲೂ ಇಲ್ಲ. ಮೂರು ದಿನ ಜ್ವರ ಬಂದಿತ್ತಂತೆ. ಅಲ್ಲಿನ ಕಾರ್ಖಾನೆಗಳಿಗೆ ದುಡಿಯಲು ಬಂದ ಬಂಗಾಲದ ಕೂಲಿಯವರೇ ಸೇರಿ ಮಣ್ಣು ಮಾಡದೆ, ತಮ್ಮ ಪದ್ಧತಿಯಂತೆ ಸುಟ್ಟರಂತೆ. ಇದನ್ನು ಕೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಎದೆ ಹಗುರಾಯಿತು. ನನ್ನ ಒಂದು ಗುಟ್ಟು ಇಬ್ಬರಿಗೆ ಗೊತ್ತಿತ್ತು, ಅವರಲ್ಲಿ ಒಬ್ಬಳು ಹೋದಳು ಅನ್ನುವ ಹಗುರ ಅದು. ಆಮೇಲೆ ಅದಕ್ಕೆ ನಾಚಿಕೆಯಾಗಿ, ಗಾಡಿ ಬಂದರೂ ಹತ್ತದೆ ಮನೆಗೆ ವಾಪಸು ಬಂದೆ. ಆ ನಾಚಿಕೆ ಆರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಆಕೆಯ ಹೆಸರು ಬರೆಯುವುದಿಲ್ಲ. ಆಕೆಯ ಹೆಸರನ್ನು ಕಾಗದದ ಮೇಲೆ ಬರೆದು ನಾನು ಮಾಡಿದ ಉಪಕಾರ ಒಂದು ಸಲಕ್ಕೇ ಸಾಕು.

ಇದು ನನ್ನ ನೌಕರಿಯ ಶುರುವಿನ ಮಾತು, ಆಗ ನಾನು ಶಹಾಪುರದಲ್ಲಿದ್ದೆ. ಕಾಲುವೆಗೆ ನೀರು ಬಂದು ಎರಡು ವರ್ಷವಾಗಿತ್ತು. ಜೋಳ ಬಿಟ್ಟರೆ ಬೇರೆ ಗೊತ್ತಿರದ ಹೊಲಗಳಲ್ಲಿ ಭತ್ತ ನಿಂತಿತ್ತು. ಆಂಧ್ರದ ಕಡೆಯವರು ಬಂದು ಹೊಲ ಹಿಡಿದಿದ್ದರು, ಊರಲ್ಲಿ ಅಕ್ಕಿ ಗಿರಣಿಗಳು ಎದ್ದಿದ್ದವು. ಇತ್ತ ಈ ನೀರನ್ನು ನಿಲ್ಲಿಸಲು ನಾರಾಯಣಪುರದಲ್ಲಿ ಕಟ್ಟಿದ ಡ್ಯಾಮಿನ ಹಿಂದೆ ಹಳ್ಳಿಗಳು ಮುಳುಗಿದ್ದವು. ಒಂದು ಕಡೆ ನೀರು ಬಂತೆಂದು ಕುಣಿಯುವವರು, ಇನ್ನೊಂದು ಕಡೆ ಅದೇ ನೀರಿಗೆ ಮನೆ ಬಿಟ್ಟವರು. ಈ ಎರಡನೆಯವರಿಗೆ ಕಾಗದಪತ್ರ ಮಾಡಿಕೊಡುವ ಒಂದು ಕಚೇರಿಯಲ್ಲಿ ನಾನು ಹಂಗಾಮಿ ಕಾರಕೂನ. ಯಾವ ಕಚೇರಿ ಅಂತ ಕೇಳಬೇಡಿ, ಹೇಳುವುದಿಲ್ಲ. ಟಪಾಲು ವಿಭಾಗದಲ್ಲಿ ಕೂತು ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದ ಮುಟ್ಟಿಸಿ ಸಹಿ ತರುವುದು ನನ್ನ ಕೆಲಸ. ಪಿತ್ರಾರ್ಜಿತ ಅಂತ ನನಗಿದ್ದದ್ದು ಮುತ್ತಿನಂಥ ಅಕ್ಷರ ಒಂದೇ. ಅದರ ಸಲುವಾಗಿ ಅರ್ಜಿ ಬರೆಸಿಕೊಳ್ಳುವವರು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು, ನಾನೂ ಉಬ್ಬುತ್ತಿದ್ದೆ.

ಆಕೆ ಮಧ್ಯಾಹ್ನದ ಹೊತ್ತಿಗೆ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕಚೇರಿಯ ಅಂಗಳಕ್ಕೆ ಬರುತ್ತಿದ್ದಳು. ಮಾರುತ್ತಿದ್ದದ್ದು ಚುರಮುರಿ. ಆದರೆ ಆಕೆಯ ಭಾಷೆಯಲ್ಲಿ ಅದಕ್ಕೆ ಬರೇ 'ಮುರಿ' ಅನ್ನುತ್ತಾರೆ. ಬಸ್ ಸ್ಟ್ಯಾಂಡಿನ ಪಕ್ಕದ ಓಣಿಯಲ್ಲಿ "ಮುರೀ, ಮುರೀ" ಅಂತ ಕೂಗುತ್ತ ಹೋಗುವಳು. ಆ ಓಣಿಯಲ್ಲಿ ಎಲುಬು ಕೂಡಿಸುವವನೊಬ್ಬನ ಅಂಗಡಿ ಇತ್ತು. ಕೈಕಾಲು ಮುರಿದವರು ಸಾಲಾಗಿ ಕೂತಿರುವಾಗ ಈಕೆ ಬಂದು ಮುರಿ ಮುರಿ ಅಂದರೆ ಹೇಗಿರಬೇಕು. ಇಬ್ಬರದೂ ಪಾಲುದಾರಿಕೆ, ಈಕಿ ಮುರಿಯಾಕಿ, ಅವ ಕೂಡಿಸಾವ ಅಂತ ಊರು ನಕ್ಕಿತು. ಯಾರೋ ಆಕೆಗೆ ಅರ್ಥ ಬಿಡಿಸಿ ಹೇಳಿದರು. ಮಾರನೇ ದಿನದಿಂದ ಆಕೆ ಆ ಅಂಗಡಿಯ ಮುಂದೆ ಬಂದಾಗ ಬಾಯಿ ಮುಚ್ಚಿಕೊಂಡು, ದಾಟಿದ ಮೇಲೆ ಕೂಗತೊಡಗಿದಳು. ಎಲುಬಿನವನೇ ಕರೆದು, ಕೂಗು ಬಾಯಿ, ನೀ ಕೂಗಿದ್ರ ನಮ್ಮ ಪೇಶಂಟ್ ನಗತಾರ, ನಕ್ಕಾಗ ಎಲುಬು ಎಳದ್ರ ನೋವು ಗೊತ್ತಾಗಂಗಿಲ್ಲ ಅಂದನಂತೆ. ಮುರಿಬಾಯಿ ಅನ್ನುವ ಹೆಸರು ಹಾಗೆ ಬಂತು.

ನನ್ನನ್ನು ಆಕೆ 'ದಾದಾ' ಅನ್ನುತ್ತಿದ್ದಳು. ಅವರಲ್ಲಿ ದಾದಾ ಅಂದರೆ ಅಣ್ಣ. ನಮ್ಮಲ್ಲಿ ದಾದಾ ಅಂದರೆ ಪುಂಡ. ಐವತ್ತು ಕಿಲೋ ತೂಗದ, ಸಾಹೇಬರು ಕೆಮ್ಮಿದರೆ ಎದ್ದು ನಿಲ್ಲುವ ನನ್ನನ್ನು ಆಕೆ ಎಲ್ಲರೆದುರು ದಾದಾ ಅಂದಾಗ ಕಚೇರಿ ಹೊಟ್ಟೆ ಹಿಡಿದುಕೊಂಡಿತು. ನನಗೂ ಒಳಗೊಳಗೆ ಹಿತವೇ ಆಯಿತು ಅನ್ನಿ. ಜೀವಮಾನದಲ್ಲಿ ಇನ್ನಾರೂ ನನ್ನನ್ನು ಹಾಗೆ ಕರೆದಿಲ್ಲ.

ಬಡವರ ಬಾಯಿಗೆ ದೊಡ್ಡ ದೊಡ್ಡ ಮಾತು ತುರುಕುವ ಚಟ ಬರೆಯುವವರಿಗೆ ಇರುತ್ತದೆ. ಆಕೆ ಹಾಗೆ ಯಾವ ದೊಡ್ಡ ಮಾತನ್ನೂ ಆಡಿದವಳಲ್ಲ. ಮಾತಾಡಿದರೆ ಉಸುಕಿನ ಬಗ್ಗೆ. ಉಪ್ಪುನೀರು ಹಚ್ಚಿದ ಕುಸುಬಲಕ್ಕಿಯನ್ನು ಒಂದು ಗಡಿಗೆಯಲ್ಲಿ ಬೆಚ್ಚಗೆ ಮಾಡಿ, ಇನ್ನೊಂದರಲ್ಲಿ ಕೆಂಪಗೆ ಕಾದ ಉಸುಕಿಗೆ ಸುರಿದು, ಕಡ್ಡಿಗಳ ಕಟ್ಟಿನಿಂದ ಎರಡು ಸಲ ತಿರುವುತ್ತಿದ್ದಳು. ಮೂರನೇ ಸಲ ತಿರುವುವಷ್ಟರಲ್ಲಿ ಗಡಿಗೆ ತುಂಬಿ ಬಿಳಿ ಮುರಿ ಮೇಲೆದ್ದಿರುತ್ತಿತ್ತು. ಅದಕ್ಕೆ ಉಸುಕು ಸಣ್ಣಗಿರಬೇಕು, ಮಣ್ಣಿರಬಾರದು. ಕೃಷ್ಣೆಯ ಉಸುಕು ದಪ್ಪ, ಅಕ್ಕಿಗೆ ಕಚ್ಚಿಕೊಳ್ಳುತ್ತದೆ, ಭೀಮೆಯ ಉಸುಕೇ ಆಗಬೇಕು ಅನ್ನುವುದು ಆಕೆಯ ಹಟ. ತಿಂಗಳಿಗೊಮ್ಮೆ ಯಾದಗಿರಿಗೆ ಹೋಗಿ, ಹೊಳೆಗೆ ಇಳಿದು, ಅರ್ಧ ಚೀಲ ಉಸುಕು ಜರಡಿ ಹಿಡಿದು ತರುತ್ತಿದ್ದಳು. ಒಮ್ಮೆ ಕಂಡಕ್ಟರ್ ಅದಕ್ಕೆ ಟಿಕೀಟು ಕೇಳಿದನಂತೆ. ಈಕೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ತೊಡಿ ಮ್ಯಾಗ ಕುಂತ ಕೂಸಿಗೆ ಟಿಕೀಟಿಲ್ಲಲ್ರಿ ಅಂದಳಂತೆ. ಶಹಾಪುರದವರೆಗೂ ಆ ಭಾರ ತೊಡೆಯ ಮೇಲೇ ಇತ್ತು. ಇಳಿಯುವಾಗ ಕಾಲು ಜೋಮು ಹಿಡಿದು ಕಂಡಕ್ಟರನೇ ಕೈ ಹಿಡಿದು ಇಳಿಸಿದನಂತೆ.

ಮೊದಮೊದಲು ಮುರಿಗೆ ಸಾಸಿವೆ ಎಣ್ಣೆ ಹಾಕಿ ಕಲಸಿ ಕೊಡುತ್ತಿದ್ದಳು. ಆ ವಾಸನೆಗೆ ನಮ್ಮ ಮಂದಿ ಮೂಗು ಮುರಿದರು. ಮಾಲೀಶ್ ಮಾಡೋ ಎಣ್ಣಿ ಹಾಕ್ಯಾಳ ಅಂದರು. ವಾರದೊಳಗೆ ಕುಸುಬಿ ಎಣ್ಣೆಗೆ ಬದಲಾಯಿಸಿದಳು, ಪುಟಾಣಿ ಪುಡಿ ಕಲಿತಳು, ಸುರಪುರದ ರಂಗಂಪೇಟೆಯ ಒಬ್ಬ ಅಜ್ಜಿಯ ಹತ್ತಿರ ಕೂತು, ಮುರಿ ನೆನೆಸಿ ಒಗ್ಗರಣೆ ಹಾಕುವ ಸುಸಲಾ ಮಾಡುವುದನ್ನೂ ಕಲಿತು ಬಂದಳು. ತನಗೆ ಮಾತ್ರ ಸಾಸಿವೆ ಎಣ್ಣೆಯ ಒಂದು ಪುಟ್ಟ ಬಾಟಲಿ ಸೀರೆಯ ಗಂಟಿನಲ್ಲಿ ಇರುತ್ತಿತ್ತು. ಎಲ್ಲ ಮಾರಿದ ಮೇಲೆ ಬುಟ್ಟಿಯ ತಳದ ಮುರಿಗೆ ನಾಲ್ಕು ಹನಿ ಬಿಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ ತಿನ್ನುವಳು.

ಆಕೆಯ ಹಿಂದಿನ ಕತೆ ನನಗೆ ಗೊತ್ತಿದ್ದದ್ದು ಇಷ್ಟೇ. ಊರು ಪೂರ್ವ ಬಂಗಾಲದಲ್ಲಿ, ದೊಡ್ಡ ಹೊಳೆಯ ದಂಡೆಗೆ. ಅರ್ಧ ಊರನ್ನು ಹೊಳೆ ಕಡಿದುಕೊಂಡು ಹೋಯಿತು. ಉಳಿದರ್ಧ ಊರನ್ನು ಗಲಭೆಗೆ ಹೆದರಿ ಇವರೇ ಬಿಟ್ಟು ಓಡಿ ಬಂದರು. ಗಡಿ ದಾಟಿ, ಎಷ್ಟೋ ಕಡೆ ಡೇರೆಯಲ್ಲಿದ್ದು, ಕಡೆಗೆ ಸರಕಾರ ಇವರನ್ನು ಸಿಂಧನೂರಿನ ಕಡೆ ತಂದು ಇಳಿಸಿತು. ಅಲ್ಲಿ ಬಂಗಾಲಿ ಕ್ಯಾಂಪಿನಲ್ಲಿ ಮದುವೆ. ಗಂಡ ಕಾಲುವೆಯ ಲೈನಿಂಗ್ ಕೆಲಸಕ್ಕೆ ಈ ಕಡೆ ಬಂದವನು ಕಾಮಾಲೆಯಾಗಿ ಶಹಾಪುರದಲ್ಲೇ ತೀರಿಕೊಂಡ. ಮಕ್ಕಳಿರಲಿಲ್ಲ. ಕ್ಯಾಂಪಿನಲ್ಲಿ ಮೈದುನರು ಹೊಲದಿಂದ ಹೆಸರು ತೆಗೆಸಿದ್ದರು. ವಾಪಸು ಯಾಕೆ ಹೋಗಲಿಲ್ಲ ಅಂದರೆ, ಎಷ್ಟ ಸಲಾಂತ ಗಂಟು ಕಟ್ಟೋದ್ರಿ ಅನ್ನುವಳು. ಎಲ್ಲಿ ಕೂತರೂ ಏಳುವಾಗ ಕೂತ ಜಾಗವನ್ನು ಒಮ್ಮೆ ಹಿಂದಿರುಗಿ ನೋಡುತ್ತಿದ್ದಳು. ಬಿಟ್ಟದ್ದೇನೂ ಇರುತ್ತಿರಲಿಲ್ಲ, ಆದರೂ ನೋಡುವಳು.

ಬಾಡಿಗೆಗಿದ್ದ ಗುಡಿಸಲಿನಲ್ಲಿ ಒಲೆ ಹೂಡಲು ಮನೆಯವರು ಬಿಡುತ್ತಿರಲಿಲ್ಲ, ಬೆಂಕಿಯ ಹೆದರಿಕೆ. ಬಯಲಲ್ಲಿ ಹುರಿದರೆ ಮಳೆಗಾಲದಲ್ಲಿ ಮುರಿ ಮೆತ್ತಗಾಗುತ್ತಿತ್ತು. ತಲೆಯ ಮೇಲೆ ತಗಡು, ಕಾಲ ಕೆಳಗೆ ಯಾರೂ ಎಬ್ಬಿಸದ ಒಂದು ಜಾಗ, ಅಲ್ಲೊಂದು ಒಲೆ. ಆಕೆಗೆ ಬೇಕಾಗಿದ್ದದ್ದು ಇಷ್ಟೇ. ಅದಕ್ಕಾಗಿ ಎರಡು ವರ್ಷ ಊರೆಲ್ಲ ತಿರುಗಿದಳು. ನಾನೂ ಬಾಯಿ ಮಾತಿನ ಸಹಾಯ ಮಾಡಿದೆ, ಗಿರಣಿಯವರಿಗೆ ಹೇಳಿ ಒಳ್ಳೆ ಅಕ್ಕಿ ಕೊಡಿಸಿದೆ. ಜಾಗ ಮಾತ್ರ ಸಿಗಲಿಲ್ಲ.

ಆಗ ಬಸ್ ಸ್ಟ್ಯಾಂಡಿನ ಹತ್ತಿರ ಆರು ತಗಡಿನ ಮಳಿಗೆ ಎದ್ದವು. ನಿರಾಶ್ರಿತರು ಕಸುಬು ಮಾಡಿ ಬದುಕು ಕಟ್ಟಿಕೊಳ್ಳಲಿ ಅಂತ ಕೊಡುವ ಮಳಿಗೆಗಳು, ನಮ್ಮ ಕಚೇರಿಯಿಂದಲೇ ಹಂಚಿಕೆ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಆಗ ನಿರಾಶ್ರಿತ ಅಂದರೆ ಡ್ಯಾಮಿನ ನೀರಿಗೆ ಊರು ಕಳಕೊಂಡವನು, ಅಷ್ಟೇ. ಕಾಗದದಲ್ಲಿ, ಭಾಷಣದಲ್ಲಿ, ಬೈಗುಳದಲ್ಲಿ ಕೂಡ ಅದೇ ಅರ್ಥ. ಆ ಶಬ್ದಕ್ಕೆ ಇನ್ನೊಂದು ದೇಶದಿಂದ ಓಡಿ ಬಂದವರು ಅನ್ನುವ ಅರ್ಥವೂ ಇದೆ ಎಂದು ಆ ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ನನಗೆ ನೆನಪಾಯಿತು.

ಅರ್ಜಿಯ ನಮೂನೆ ತೆಗೆದುಕೊಂಡು ಕೂತೆ. ಆಕೆ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಹೆಸರು ಬರೆದೆ. ಕಸುಬು ಬರೆದೆ. ಮುಂದಿನ ಅಂಕಣ, ಮುಳುಗಡೆಯಾದ ಗ್ರಾಮ. ನಿನ್ನ ಊರ ಹೆಸರೇನು ಬಾಯಿ ಅಂದೆ.

"ನಾರಾಯೊನ್‌ಪುರ್" ಅಂದಳು.

ನಾನು ಪೆನ್ನು ಎತ್ತಿ ಆಕೆಯ ಮುಖ ನೋಡಿದೆ. ಆಕೆ ಇನ್ನೊಮ್ಮೆ ಹೇಳಿದಳು. ಅವರ ಕಡೆ ಆ ಹೆಸರಿನ ಊರು ಬೇಕಾದಷ್ಟಿವೆಯಂತೆ. ಹೊಳಿ ನುಂಗಿತಲ್ಲ ನಿಮ್ಮೂರು ಅಂದೆ. ಹೌದು, ನುಂಗಿತು ಅಂದಳು. ನಾನು ನಕ್ಕು, ಆಕೆಯ ಉಚ್ಚಾರ ತಿದ್ದಿ, ಮುತ್ತಿನಂಥ ಅಕ್ಷರದಲ್ಲಿ ಬರೆದೆ: ನಾರಾಯಣಪುರ. ಅರ್ಜಿದಾರರ ವರ್ಗ, ನಿರಾಶ್ರಿತ. ಆ ಅರ್ಜಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬೇಕಾದರೆ ಈಗಲೂ ಆಣೆ ಮಾಡುತ್ತೇನೆ. ಆದರೆ ಓದುವವನು ಏನು ತಿಳಿಯುತ್ತಾನೆ ಅಂತ ನನಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಜಾಣತನ ಮಾಡಿದೆ ಅಂತ ಅವತ್ತು ಮನೆಗೆ ಸೀಟಿ ಹೊಡೆಯುತ್ತ ಹೋದೆ.

ಅರ್ಜಿ ಪಾಸಾಯಿತು. ಐದನೇ ನಂಬರಿನ ಮಳಿಗೆ ಆಕೆಗೆ ಬಂತು. ಮೊದಲ ದಿನ ಆಕೆ ವ್ಯಾಪಾರ ಮಾಡಲೇ ಇಲ್ಲ. ಒಲೆ ಹೂಡಿ, ನೆಲ ಸಾರಿಸಿ, ಒಳಗೆ ಹೋಗುವುದು, ಹೊರಗೆ ಬಂದು ನೋಡುವುದು, ಮತ್ತೆ ಒಳಗೆ ಹೋಗುವುದು. ಬಂದ ಗಿರಾಕಿಗಳಿಗೆ ನಾಳಿ ಬರ್ರಿ ಅನ್ನುತ್ತಿದ್ದಳು. ಎಂಟು ತಿಂಗಳು ಅಂಗಡಿ ನಡೆಯಿತು. ಸುರಪುರದ ಬಸ್ಸಿನವರು ಅಲ್ಲೇ ನಿಲ್ಲಿಸಿ ಮುರಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆಕೆ ಒಂದು ಹಲಗೆ ಹಾಕಿಸಿ, ಅದರ ಮೇಲೆ ಏನು ಬರೆಸಲಿ ಅಂತ ನನ್ನನ್ನು ಕೇಳಿದಳು. ಮುರಿ ಅಂತ ಬರೆಸಬೇಡ, ಚುರಮುರಿ ಅಂತ ಬರೆಸು ಅಂದೆ. ಇಡೀ ಊರು ಮುರಿ ಅಂತದ, ನೀವ್ಯಾಕ ತಿದ್ದತೀರಿ ದಾದಾ ಅಂತ ನಕ್ಕಳು.

ಆರು ಮಳಿಗೆಗೆ ಏಳು ಅರ್ಜಿ ಬಂದಿದ್ದವು, ಮಳಿಗೆ ಸಿಗದೆ ಉಳಿದ ಏಳನೇ ಅರ್ಜಿ ಒಬ್ಬ ಸಿಂಪಿಗನದು. ಅವನ ಊರು ಖರೆಯಾಗಿಯೂ ಮುಳುಗಿತ್ತು. ಹೊಲಿಗೆ ಯಂತ್ರವನ್ನು ಸೈಕಲ್ಲಿಗೆ ಕಟ್ಟಿಕೊಂಡು ವಾರಕ್ಕೊಂದು ಸಂತೆಯ ಲೆಕ್ಕದಲ್ಲಿ ತಿರುಗುತ್ತಿದ್ದ. ವಯಸ್ಸು ನಲವತ್ತರ ಹತ್ತಿರ, ಮೆತ್ತಗಿನ ಮನುಷ್ಯ. ಮಳಿಗೆ ಯಾಕೆ ತಪ್ಪಿತು ಅಂತ ವಿಚಾರಿಸುತ್ತ ಹೋಗಿ ಅವನಿಗೆ ಐದನೇ ನಂಬರಿನಾಕೆ ಬಂಗಾಲದಾಕೆ ಅನ್ನುವುದು ಗೊತ್ತಾಯಿತು. ಒಂದು ಮಧ್ಯಾಹ್ನ ಅವಳ ಅಂಗಡಿಗೇ ಹೋಗಿ ಕೂತ. ನಾನೂ ಅಲ್ಲಿದ್ದೆ. ಮುರಿ ತಿಂದ, ನೀರು ಕುಡಿದ, ಆಮೇಲೆ ಹೇಳಿದ: "ಬಾಯಿ, ನಿನ್ನೂರೂ ಹೊಳಿ ನುಂಗ್ಯಾದ, ನನ್ನೂರೂ ಹೊಳಿ ನುಂಗ್ಯಾದ. ಆದ್ರ ಈ ಆರು ಮಳಿಗಿ ಈ ಹೊಳಿ ನುಂಗಿದವ್ರಿಗೆ ಕೊಟ್ಟಾರವಾ. ನಾ ತಕರಾರು ಅರ್ಜಿ ಹಾಕಾಂವ ಇದ್ದೀನಿ. ಹಿಂದಿನಿಂದ ಹಾಕೂದು ಬ್ಯಾಡ, ಹೇಳೇ ಹಾಕೋಣಂತ ಬಂದೆ."

ಅರ್ಜಿಯಲ್ಲಿ ನಾನು ಮಾಡಿದ ಜಾಣತನ ಅವಳಿಗೆ ಆಗ ತಿಳಿಯಿತು. ನನ್ನ ಕಡೆ ನೋಡಿದಳು. ನಾನು ರಸ್ತೆಯ ಕಡೆ ನೋಡಿದೆ.

ಇದಕ್ಕಿಂತ ಕೆಟ್ಟದ್ದು ಮಾರನೇ ದಿನ ಆಯಿತು. ಸಿಂಪಿಗ ತಕರಾರು ಅರ್ಜಿ ಬರೆಸಲು ನನ್ನ ಮೇಜಿಗೇ ಬಂದ. ಶಹಾಪುರದಲ್ಲಿ ಅಕ್ಷರ ಚೆಂದ ಇರುವವನು ನಾನೊಬ್ಬನೇ ಅಂತ ಯಾರೋ ಕಳಿಸಿದ್ದರು. ಒಲ್ಲೆ ಅಂದರೆ ಯಾಕೆ ಅನ್ನುತ್ತಾನೆ. ಬರೆದುಕೊಟ್ಟರೆ ಆಕೆಯ ಒಲೆಗೆ ನಾನೇ ನೀರು ಹೊಯ್ದಂತೆ. ಮತ್ತೆ ಅವನು ಕೇಳುತ್ತಿದ್ದದ್ದು ನ್ಯಾಯವೇ ಆಗಿತ್ತು, ಅದೇ ನನ್ನನ್ನು ಕೊಂದದ್ದು. ಬರೆದೆ. ಅಕ್ಷರ ಚೆಂದವೇ ಬಂತು.

ವಿಚಾರಣೆಗೆ ಹೊಸ ಸಾಹೇಬರು ಕೂತರು. ಮೈಸೂರು ಕಡೆಯವರು, ಬಂದು ಹತ್ತು ದಿನವಾಗಿತ್ತು. ಆಕೆ, ಸಿಂಪಿಗ ಇಬ್ಬರೂ ಎದುರಿಗೆ ನಿಂತಿದ್ದರು. ಕಡತ ಹಿಡಿದು ಪಕ್ಕದಲ್ಲಿ ನಾನು. ಹಿಂದಿನ ಸಂಜೆ ಆಕೆಗೆ ಪಾಠ ಹೇಳಿಕೊಟ್ಟಿದ್ದೆ, ಯಾವ ಹೊಳಿ ಅಂದ್ರ ಕೃಷ್ಣಾ ಅನ್ನು, ಮುಂದ ಮಾತಾಡಬ್ಯಾಡ ಅಂತ. ಸಾಹೇಬರು ಮೊದಲು, ನಾರಾಯಣಪುರ ಮುಳುಗಿಲ್ಲವಲ್ಲ, ಡ್ಯಾಮು ಇರೋದೇ ಅಲ್ಲಿ, ಡ್ಯಾಮಿನ ಊರೇ ಮುಳುಗುತ್ತಾ ಅಂತ ಕೇಳಿದರು. ಅದೊಂದು ನನಗೆ ಹೊಳೆದಿರಲೇ ಇಲ್ಲ. ಎಲ್ಲ ಜಾಣತನವೂ ಅಷ್ಟೇ.

"ನಿಮ್ಮೂರನ್ನು ಮುಳುಗಿಸಿದ್ದು ಯಾವ ನದಿಯಮ್ಮ?" ಅಂದರು.

ಆಕೆ ಬಾಯಿ ತೆರೆದಳು. ಕೃಷ್ಣಾ ಅನ್ನುತ್ತಾಳೆ ಅಂತ ನಾನು ಕಾದೆ. ಆಕೆ ಸಿಂಪಿಗನ ಕಡೆ ಒಮ್ಮೆ ನೋಡಿ, "ಪೊದ್ದಾ, ಸಾಬ್" ಅಂದಳು. ಪದ್ಮಾ ನದಿಯನ್ನು ಅವರು ಹಾಗೆ ಅನ್ನುತ್ತಾರೆ. ಅದೆಲ್ಲಿದೆ ಅಂತ ಸಾಹೇಬರು ಕೇಳಿದರು. ಆಕೆ ಕೈಯನ್ನು ಕಿಟಕಿಯ ಕಡೆ ಚಾಚಿ, ದೂರ ಅಂದಳು.

ಸಾಹೇಬರು ಎರಡೂ ಅರ್ಜಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಎರಡರ ಅಕ್ಷರವೂ ಒಂದೇ ಕೈಯದಲ್ಲವೇ, ಯಾರು ಬರೆದದ್ದು ಅಂತ ಕೇಳಿದರು. ನನ್ನ ನೌಕರಿ ಹಂಗಾಮಿ. ಖಾಯಂ ಆಗುವ ಪಟ್ಟಿ ಬೆಂಗಳೂರಿಗೆ ಹೋಗಿತ್ತು. ನಾನೇ ಸರ್ ಅನ್ನಲು ಎರಡು ಶಬ್ದ ಸಾಕಿತ್ತು, ಅವು ಬರಲಿಲ್ಲ.

"ಬಸ್ ಸ್ಟ್ಯಾಂಡಿನ್ಯಾಗ ಯಾರೋ ಬರ್ದ್ರು ಸಾಬ್, ಮುಖ ನೆನಪಿಲ್ಲ" ಅಂದಳು ಆಕೆ.

ಸಾಹೇಬರು ಸಿಂಪಿಗನ ಕಡೆ ತಿರುಗಿದರು. ಅವನು ನನ್ನನ್ನು ನೋಡಲಿಲ್ಲ, ಆಕೆಯನ್ನು ನೋಡಿದ. "ಹೌದ್ರಿ, ನನಗೂ ಅವನೇ ಬರದಾನ್ರಿ. ಆಮ್ಯಾಲ ಕಾಣಲಿಲ್ಲ ಆ ಮನಷ್ಯಾ" ಅಂದ.

ಒಂದೇ ಮಳಿಗೆಗೆ ಬಡಿದಾಡುತ್ತಿದ್ದ ಇಬ್ಬರು, ಮೊದಲೇ ಮಾತಾಡಿಕೊಂಡವರಲ್ಲ, ಇಬ್ಬರೂ ಸೇರಿ ನನ್ನ ಅನ್ನ ಉಳಿಸಿದರು. ನಾನು ಕಡತ ಹಿಡಿದುಕೊಂಡು ನಿಂತೇ ಇದ್ದೆ. ನನ್ನ ಜೀವಮಾನದ ನೌಕರಿಯೆಲ್ಲ ಆ ನಿಮಿಷದ ಮೇಲೆ ನಿಂತಿದೆ, ಈಗ ಬರುವ ಪೆನ್ಶನ್ ಕೂಡ.

ಮಳಿಗೆ ಸಿಂಪಿಗನ ಪಾಲಾಯಿತು. ಆಮೇಲೆ ನಾನು ಸುಮ್ಮನೆ ಕೂರಲಿಲ್ಲ ಅಂತ ಹೇಳಿಕೊಂಡರೆ ಯಾರಿಗೆ ಸಮಾಧಾನ? ಆಕೆಯನ್ನು ಕರೆದುಕೊಂಡು ನಾಲ್ಕಾರು ದಫ್ತರ ತಿರುಗಿದೆ. ಬಂಗಾಲದ ನಿರಾಶ್ರಿತರ ಲೆಕ್ಕ ರಾಯಚೂರು ಜಿಲ್ಲೆಯದು, ಇಲ್ಲಿ ಬರುವುದಿಲ್ಲ ಅಂದರು. ಅಲ್ಲಿಗೆ ಕಾಗದ ಹಾಕಿದೆ. ಕ್ಯಾಂಪು ಬಿಟ್ಟು ಹೋದವರ ಹೆಸರು ತೆಗೆದಿದೆ ಅಂತ ಉತ್ತರ ಬಂತು. ಅಲ್ಲಿ ತೆಗೆದಿದ್ದರು, ಇಲ್ಲಿ ಹಾಕಿರಲಿಲ್ಲ. ಸಿಂಪಿಗ ಒಮ್ಮೆ ಬಂದು, ಅರ್ಧ ಮಳಿಗಿ ಆಕಿಗೆ ಬಿಟ್ಟುಕೊಡ್ತೀನ್ರಿ ಅಂದ. ಸಾಹೇಬರು ಪಾಪ, ಕನಿಕರವಿದ್ದವರೇ, ಒಳಬಾಡಿಗೆ ಅಂತ ಆಗುತ್ತದೆ, ಇಬ್ಬರದೂ ಹೋಗುತ್ತದೆ ಅಂದರು. ಯಾರದೂ ತಪ್ಪಿರಲಿಲ್ಲ, ನನ್ನದೊಂದು ಬಿಟ್ಟು. ಏನೂ ಮಾಡಲು ಆಗಲಿಲ್ಲ.

ಆಕೆ ಮುಂದೆ ರಂಗಂಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೆಲವು ವರ್ಷ ಇದ್ದಳಂತೆ, ಆಮೇಲೆ ಯಾದಗಿರಿ ಸ್ಟೇಷನ್ನಿನ ಹೊರಗೆ. ಕಾರ್ಖಾನೆಗಳು ಬಂದ ಮೇಲೆ ಕಡೇಚೂರು. ಅಲ್ಲಿನ ಬಂಗಾಲಿ ಕೂಲಿಗಳು ಆಕೆಯನ್ನು ಮಾಸಿ ಅನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ಮುರಿ ಅಂದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ, ಸಾಸಿವೆ ಎಣ್ಣೆಯನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು ಅಂತ ಜವಾನ ಹೇಳಿದ. ನಾನು ಖಾಯಂ ಆಗಿ ಊರೂರು ತಿರುಗಿದೆ. ಸ್ಟೇಷನ್ನಿನ ಹೊರಗೆ ಒಂದೆರಡು ಸಲ ಆಕೆಯನ್ನು ದೂರದಿಂದ ನೋಡಿದ್ದೂ ಉಂಟು. ಇನ್ನೊಂದು ಬಾಗಿಲಿನಿಂದ ಹೊರಗೆ ಹೋದೆ.

ಅಂದು, ವಿಚಾರಣೆ ಮುಗಿದು ತೆರವಿನ ಆದೇಶ ಬಂದ ದಿನ, ಅದನ್ನು ಮುಟ್ಟಿಸುವ ಕೆಲಸ ನನ್ನದೇ ಆಗಿತ್ತು. ಟೈಪು ಮಾಡಿದ ಒಂದು ಹಾಳೆ, ಕೆಳಗೆ ಸಹಿ, ಮೇಲೆ ದುಂಡನೆಯ ಶಿಕ್ಕೆ. ಆಕೆ ಉಸುಕು ಜರಡಿ ಹಿಡಿಯುತ್ತಿದ್ದಳು. ಕೈ ಝಾಡಿಸಿಕೊಂಡು ಬಂದು, ಓದ್ರಿ ದಾದಾ ಅಂದಳು. ಓದಿದೆ. ಸದರಿ ಮಳಿಗೆದಾರಳು ನಿರಾಶ್ರಿತಳಲ್ಲವೆಂದು ವಿಚಾರಣೆಯಿಂದ ಖಚಿತಪಟ್ಟಿರುವುದರಿಂದ, ಏಳು ದಿನಗಳೊಳಗೆ ಮಳಿಗೆಯನ್ನು ತೆರವು ಮಾಡತಕ್ಕದ್ದು.

ಮೊದಲನೇ ಮಾತು ಇನ್ನೊಮ್ಮೆ ಓದ್ರಿ ಅಂದಳು. ಓದಿದೆ.

"ನಿರಾಶ್ರಿತಳು ಅಲ್ಲ ಅಂತ ಬರ್ದಾರೇನ್ರಿ?"

"ಹೌದು."

"ಸರಕಾರದವ್ರೇ ಬರ್ದಾರ?"

ಶಿಕ್ಕೆ ತೋರಿಸಿದೆ. ಆಕೆ ಅದರ ಮೇಲೆ ಬೆರಳಾಡಿಸಿದಳು. ಬೆರಳಿಗೆ ಅಂಟಿದ್ದ ಉಸುಕು ಕಾಗದದ ಮೇಲೆ ಉದುರಿತು.

"ಹಂಗಾದ್ರ ದಾದಾ, ನಾ ಇನ್ನ ಈ ಊರಾಕಿನೇ ಅಂದಂಗಾತಲ್ರಿ?"

ಚೇಷ್ಟೆಗೆ ಕೇಳಿದಳೇ, ಖರೆ ಕೇಳಿದಳೇ, ನನಗೆ ಇವತ್ತಿಗೂ ಗೊತ್ತಿಲ್ಲ. ಮುಖದಲ್ಲಿ ನಗುವಿರಲಿಲ್ಲ. ನಾನು ಹೌದು ಅಂದೆ. ಆಕೆ ಹೆಬ್ಬೆಟ್ಟು ಒತ್ತಿ, ತನ್ನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಗಿಸಿಕೊಂಡಳು. ನಾನು ಹೌದು ಅಂದದ್ದನ್ನು ಬರೆದುಕೊಡ್ರಿ ಅಂತ ಕೇಳಲಿಲ್ಲ.